ಕುಬಸಕ್ಕೆ ಹೋಗಲೇಬೇಕಾ?

ಬಾಗಲಕೋಟೆಯ ನನ್ನ ಕ್ಲಿನಿಕ್ಕಿಗೆ ಬರುವ ಹೆಣ್ಣುಮಕ್ಕಳು ಮಕ್ಕಳಾಗಿಲ್ಲ ಅಂತ ಮಾತು ಶುರು ಮಾಡುವುದಿಲ್ಲ. ತಲೆನೋವು, ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತಾರೆ. ಮೊನ್ನೆ ಒಬ್ಬರು ಹಾಗೇ ಬಂದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಮದುವೆಯಾಗಿ ಆರು ವರ್ಷ. ಪರ್ಸಿನಲ್ಲಿ ಮಡಚಿಟ್ಟ ಕ್ಯಾಲೆಂಡರ್ ಹಾಳೆಗಳು, ಪ್ರತಿ ತಿಂಗಳೂ ಒಂದು ತಾರೀಕಿಗೆ ಸುತ್ತು.

"ಮುಟ್ಟಾದ ದಿನ ಬಚ್ಚಲದಾಗ ನಳ ಬಿಟ್ಟು ಅಳ್ತೀನ್ರಿ ಮೇಡಂ. ಹೊರಗ ಕೇಳಬಾರದಲ್ರಿ."

ಸಾವಿನ ಮನೆಗಾದರೆ ನಾಲ್ಕು ಜನ ಬಂದು ಕೂರುತ್ತಾರೆ. ಈ ದುಃಖ ತಿಂಗಳಿಗೊಮ್ಮೆ ಬಂದರೂ ಮಾತಾಡಿಸುವವರಿಲ್ಲ. ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಆದರಂತೂ ಭ್ರೂಣ ಒಳಗಿಟ್ಟ ಮೇಲೆ ಫಲಿತಾಂಶಕ್ಕೆ ಸುಮಾರು ಎರಡು ವಾರ ಕಾಯಬೇಕು. ಆಗ ಕೆಲವರು ಜೋರಾಗಿ ಕೆಮ್ಮಲೂ ಹೆದರುತ್ತಾರೆ.

ಮೇಲಿಂದ "ಟೆನ್ಶನ್ ಬಿಡು, ತಾನಾಗೇ ಆಗತದ" ಎಂಬ ಉಪದೇಶ ಬೇರೆ. ಮುಚ್ಚಿದ ಗರ್ಭನಾಳ ನಗುನಗುತ್ತಾ ಇದ್ದರೆ ತೆರೆಯುತ್ತದಾ? ಈ ಮಾತು ತಪ್ಪನ್ನು ಮತ್ತೆ ಅವಳ ತಲೆಗೇ ಕಟ್ಟುತ್ತದೆ.

ಗಂಡನ ವೀರ್ಯ ಪರೀಕ್ಷೆ ಆಗಿದೆಯಾ ಎಂದೆ. "ಅವರಿಗೇನಾಗೇತ್ರಿ, ಗಟ್ಟಿಮುಟ್ಟ ಅದಾರ." ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಇರುತ್ತದೆ. ಒಂದು ವರ್ಷ ಕಾದರೂ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ತೋರಿಸಿಕೊಳ್ಳಬೇಕು. ಈಕೆಗೆ ಅಷ್ಟರಲ್ಲಿ ಸ್ಕ್ಯಾನು, ಲ್ಯಾಪ್ರೋಸ್ಕೋಪಿ, ಬನಶಂಕರಿಗೆ, ಸವದತ್ತಿ ಎಲ್ಲಮ್ಮನಿಗೆ ಹರಕೆ ಎಲ್ಲ ಮುಗಿದಿತ್ತು. ಹರಕೆಗೆ ನನ್ನ ತಕರಾರಿಲ್ಲ. ಅಲ್ಲಿಗಾದರೂ ಗಂಡ ಜೊತೆಗೆ ಹೋಗಿರುತ್ತಾನೆ.

ಅಳುವುದೆಲ್ಲ ಕಾಯಿಲೆಯಲ್ಲ. ಆದರೆ ಎರಡು ವಾರ ದಾಟಿದರೂ ನಿದ್ದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಬಂದು ತೋರಿಸಿ. "ಸತ್ತರ ಚಲೋ" ಅನಿಸಿದರೆ ಅವತ್ತೇ ಬನ್ನಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಏಳುವಾಗ ಅಸಲು ಸಂಗತಿ ಹೊರಬಿತ್ತು. ಗುರುವಾರ ನಾದಿನಿಯ ಕುಬಸ, ಅಂದರೆ ಸೀಮಂತ. "ಹೋದ್ರ ಉಡಿ ತುಂಬಾಕ ನನ್ನ ಕರಿಯಂಗಿಲ್ಲ. ಹೋಗದಿದ್ರ ಹೊಟ್ಟಿಕಿಚ್ಚ ಅಂತಾರ. ಏನ್ ಮಾಡ್ಲಿರಿ?"

ಹೋಗಬೇಡಿ ಎಂದೆ. ಹೊರಗೆ ಬೈಕ್ ಮೇಲೆ ಕೂತಿದ್ದ ಗಂಡನನ್ನು ಒಳಗೆ ಕರೆಸಿ, ವೀರ್ಯ ಪರೀಕ್ಷೆಯ ಚೀಟಿ ಕೈಗಿಟ್ಟೆ. ಗುರುವಾರ ಯಾರೇ ಕೇಳಿದರೂ ಉತ್ತರ ನೀವು ಕೊಡಿ, ಸೀರೆ, ಬಳೆ ನೀವೇ ಒಯ್ಯಿರಿ ಎಂದೆ. ಚೀಟಿಯನ್ನು ಎರಡು ಸಲ ಮಡಚಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಕೇಳಿದ: "ಹಸಿರ ಬಳಿ ಯಾವ ಸೈಜ್ ತರಬೇಕ?"