ಗಡಿಯಲ್ಲಿ ಸುರಿದ ಆ ಮಣ್ಣಿನ ಹಿಂದೆ ಏನೆಲ್ಲಾ ಉಂಟು

ಕಾಸರಗೋಡಿನವ್ರು ಲಾಕ್‌ಡೌನ್ ಒಪ್ಪಿದ್ರಾ ಇಲ್ವಾ ಅಂತ ಈಗ್ಲೂ ಕೇಳೋರಿದ್ದಾರೆ. ಒಂದೇ ಮಾತಲ್ಲಿ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ.

ರೋಗಕ್ಕೆ ಬಾಗಿಲು ಹಾಕುದು ನಮ್ಗೆ ಹೊಸತಲ್ಲ. ಸಿಡುಬು ಬಂದ ಮನೆಯಂಗಳಕ್ಕೆ ಯಾರೂ ಕಾಲಿಡ್ತಿರ್ಲಿಲ್ಲ ಅಂತ ಅಜ್ಜಿ ಹೇಳ್ತಿದ್ರು, ಮಾರಿ ಕಳೀಲಿಕ್ಕೆ ಆಟಿ ತಿಂಗಳಲ್ಲಿ ವೇಷ ಕಟ್ಟಿದ ಆಟಿ ಕಳೆಂಜ ಇವತ್ತಿಗೂ ಮನೆಮನೆಗೆ ಬರ್ತಾನೆ. ಸರ್ಕಾರದ ಕೈಲಿದ್ದದ್ದೂ ಹಳೇದೇ, ಬೊಂಬಾಯಿ ಪ್ಲೇಗ್ ಕಾಲದ 1897ರ ಸಾಂಕ್ರಾಮಿಕ ರೋಗ ಕಾಯ್ದೆ. ಗಡಿಯ ಕತೆಯೂ ಹಳೇದೇ. 1956ರಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಅಂತ ಹೇಳಿದ್ದು ಕಾಗದದಲ್ಲೇ ಉಳೀತು, 1984ರಲ್ಲಿ ಜಿಲ್ಲೆ ಆಯ್ತು. ಆಸ್ಪತ್ರೆ ಮಾತ್ರ ಮಂಗಳೂರೇ.

2020ರ ಫೆಬ್ರವರಿ 3ಕ್ಕೆ ದೇಶದ ಮೂರನೇ ಕೊರೊನಾ ಕೇಸ್ ನಮ್ಮ ಜಿಲ್ಲೆಯಲ್ಲೇ. ಮಾರ್ಚಲ್ಲಿ ಗಲ್ಫಿಂದ ಬಂದವ್ರ ಕೇಸುಗಳು ಏರಿದ್ದೇ ಇಲ್ಲಿ ದೇಶಕ್ಕಿಂತ ಮೊದ್ಲೇ ಬೀಗ ಬಿತ್ತು, ಮೇಲಿಂದ ಡ್ರೋನ್, ರೋಡಲ್ಲಿ ಪೊಲೀಸ್, ಆದ್ರೂ ಜನ ಕೂತ್ರು, ಯಾಕಂದ್ರೆ ರೇಶನ್ ಬಂತು, 17 ಸಾಮಾನಿನ ಕಿಟ್ ಬಂತು, ಆಶಾದವ್ರು ಫೋನ್ ಮಾಡಿ ಜ್ವರ ಉಂಟಾ ಅಂತ ಕೇಳ್ತಿದ್ರು. ನೋಟೀಸು ಮಲಯಾಳದಲ್ಲಿ ಬಂದ್ರೆ ಪಕ್ಕದ ಮನೆ ಹುಡುಗ ಓದಿ ಹೇಳ್ತಿದ್ದ, ಅದೊಂದು ಬೇರೆ ಕತೆ.

ಕೆಟ್ಟದ್ದು ಮಂಗಳೂರು ದಾರಿಯ ಗಡಿ, ತಲಪಾಡಿಯಲ್ಲಿ. ಕರ್ನಾಟಕದವ್ರು ಹೈವೇ ಬಂದ್ ಮಾಡಿ ಒಳದಾರಿಗಳಿಗೂ ಟಿಪ್ಪರಲ್ಲಿ ಕೆಂಪು ಮಣ್ಣು ತಂದು ಸುರಿದ್ರು. ಅಪ್ಪನ ಮಾತ್ರೆ ಬರೆದ ಡಾಕ್ಟ್ರು ಆಚೆ, ಅಪ್ಪ ಈಚೆ. ಭಾವ ಬೈಕಲ್ಲಿ ಆಚೆಯಿಂದ ಬಂದು ರಾಶಿ ಹತ್ತಿ ಮಾತ್ರೆಯ ಕಟ್ಟನ್ನ ಎಸೆದ್ರು, ನಾನು ಲುಂಗಿ ಒಡ್ಡಿ ಹಿಡ್ದೆ. ಹೀಗೆ ಹಿಡಿಲಿಕ್ಕಾಗದವ್ರು, ಆಂಬುಲೆನ್ಸಲ್ಲಿ ಗಡಿವರೆಗೆ ಹೋಗಿ ವಾಪಾಸ್ ಬಂದವ್ರಲ್ಲಿ ಹಲವರು ತೀರಿಹೋದ್ರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡ್ಲಿಕ್ಕೆ ಹೇಳಿತು, ವಿಷ್ಯ ಸುಪ್ರೀಂ ಕೋರ್ಟಿಗೆ ಹೋಗಿ 7ಕ್ಕೆ ರೋಗಿಗಳಿಗಷ್ಟೇ ಒಂದು ಒಪ್ಪಂದ ಆಯ್ತು. ಆಚೆಯವ್ರಿಗೂ ಹೆದರಿಕೆ ಇತ್ತು ನೋಡಿ, ಅದನ್ನ ತಳ್ಳಿಹಾಕ್ಲಿಕ್ಕಾಗುದಿಲ್ಲ. ಆದ್ರೆ ವೈರಸ್ಸಿಗೆ ರಾಜ್ಯದ ಗಡಿಯನ್ನೇ ಬೇಲಿ ಅಂದ್ಕೊಂಡದ್ದು ಯಾವ ಲೆಕ್ಕ?

2013ರಲ್ಲಿ ಕಲ್ಲು ಹಾಕಿದ, ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಅದೇ ಏಪ್ರಿಲಲ್ಲಿ ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೀತು. 2021ರ ಆಗಸ್ಟಲ್ಲಿ ಮತ್ತೆ ಕರ್ನಾಟಕಕ್ಕೆ ಹೋಗ್ಲಿಕ್ಕೆ 72 ಗಂಟೆಯ ಒಳಗಿನ ಆರ್‌ಟಿಪಿಸಿಆರ್ ರಿಪೋರ್ಟ್ ಬೇಕು ಅಂತಾಯ್ತು, ಬಸ್ಸು ತಲಪಾಡಿವರೆಗೆ ಮಾತ್ರ. ಇಳಿದು ನಡ್ಕೊಂಡು ಹೋದವ್ರ ಕೈಲಿ ಎಕ್ಸ್‌ರೇ ಕವರ್ ಇರ್ತಿತ್ತು.