ಬಾಗಿ ಬಂದ ಗೇಜ್ ಪ್ಲೇಟನ್ನು ಓದುವ ಬಗೆ

ಹೊಸದಾಗಿ ಹೂತ ಪೈಪ್‌ಲೈನಿನ ಒಳಗೆ ತಗ್ಗು, ಮಡಿಕೆ ಅಥವಾ ಅಂಡಾಕಾರಕ್ಕೆ ತಿರುಗಿದ ಭಾಗ ಉಳಿದಿದೆಯೇ ಎಂದು ತಿಳಿಯಲು, ಪಿಗ್ಗಿಗೆ (ನೀರು ಅಥವಾ ಗಾಳಿಯ ಒತ್ತಡದಿಂದ ಪೈಪಿನೊಳಗೆ ಸಾಗುವ ಸಾಧನಕ್ಕೆ) ಅಲ್ಯುಮಿನಿಯಂನ ದುಂಡು ತಟ್ಟೆಯೊಂದನ್ನು ಬಿಗಿದು ಓಡಿಸುತ್ತಾರೆ. ಇದೇ ಗೇಜ್ ಪ್ಲೇಟ್. ಇದರ ವ್ಯಾಸವನ್ನು ಸಾಮಾನ್ಯವಾಗಿ ಪೈಪಿನ ಒಳವ್ಯಾಸದ ಶೇ. 95ರಷ್ಟು ಇಡುತ್ತಾರೆ. ಅಲ್ಯುಮಿನಿಯಂ ಉಕ್ಕಿಗಿಂತ ಮೆದುವಾದ್ದರಿಂದ ಅಡ್ಡಿ ಎದುರಾದಾಗ ಪೈಪಿಗೆ ಪೆಟ್ಟಾಗದೆ ತಟ್ಟೆಯೇ ಬಾಗುತ್ತದೆ. ಆದರೆ ಅದು ಅಡ್ಡಿ ಸಿಕ್ಕಿತೆಂದು ಹೇಳುತ್ತದೆಯೇ ಹೊರತು ಎಲ್ಲಿ ಸಿಕ್ಕಿತೆಂದು ಹೇಳುವುದಿಲ್ಲ.

ಲೈನಿನ ಕೊನೆಯಲ್ಲಿ ಪಿಗ್ ಬಂದು ಸೇರುವ ರಿಸೀವರಿನ ಒತ್ತಡ ಪೂರ್ಣ ಇಳಿದಿದೆ ಎಂದು ಖಚಿತಪಡಿಸಿಕೊಂಡು ಬಾಗಿಲು ತೆರೆದ ಮೇಲೆ, ತಟ್ಟೆಯನ್ನು ಒರೆಸುವ ಮೊದಲೇ ಎರಡೂ ಬದಿಯ ಫೋಟೋ ತೆಗೆಯಬೇಕು. ಅಂಚು ಒಂದೇ ಕಡೆ ಚೂಪಾಗಿ ಹಿಂದಕ್ಕೆ ಮಡಿದಿದ್ದರೆ ತಗ್ಗು ಅಥವಾ ಅರೆ ತೆರೆದ ವಾಲ್ವಿನ ಮೇಲೆ ಅನುಮಾನ ಪಡಬೇಕು. ಸುತ್ತಲೂ ಸಮನಾಗಿ ಬಾಗಿದ್ದರೆ, ಎಲ್ಲೋ ಕಡಿಮೆ ಒಳವ್ಯಾಸದ ಪೈಪು ಸೇರಿರಬಹುದು. ಎದುರುಬದುರಾಗಿ ಎರಡು ಕಡೆ ಬಾಗಿದ್ದರೆ ಅಂಡಾಕಾರದ ಸಾಧ್ಯತೆ ಹೆಚ್ಚು. ಬರೀ ಗೀರುಗಳಿದ್ದರೆ ಉಳಿದ ಕಲ್ಲು, ವೆಲ್ಡಿಂಗ್ ರಾಡಿನ ತುಂಡು ಅಥವಾ ಒಳಕ್ಕೆ ಹೆಚ್ಚು ಉಬ್ಬಿದ ವೆಲ್ಡ್ ಕಾರಣವಾಗಿರಬಹುದು. ಪಿಗ್ ದಾರಿಯಲ್ಲಿ ತಿರುಗುತ್ತಾ ಬರುವುದರಿಂದ, ತಟ್ಟೆಯ ಕೆಳಭಾಗ ಬಾಗಿದೆ ಎಂದ ಮಾತ್ರಕ್ಕೆ ಪೈಪಿನ ಕೆಳಭಾಗದಲ್ಲೇ ದೋಷವಿದೆ ಎನ್ನಲಾಗದು.

ಪೈಪನ್ನು ದೂರುವ ಮೊದಲು ತಟ್ಟೆಯ ಲೆಕ್ಕವನ್ನೇ ಪರೀಕ್ಷಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಹನ್ನೆರಡು ಇಂಚಿನ ಪೈಪಿನ ಹೊರವ್ಯಾಸ 323.9 ಮಿ.ಮೀ.; ಗೋಡೆಯ ದಪ್ಪ 9.5 ಮಿ.ಮೀ. ಇದ್ದರೆ ಒಳವ್ಯಾಸ ಸುಮಾರು 304.9, ತಟ್ಟೆ 289.6, ಸುತ್ತಲಿನ ತೆರಪು ಸುಮಾರು 7.6 ಮಿ.ಮೀ. ಅದೇ ಲೈನಿನಲ್ಲಿ ರಸ್ತೆ ದಾಟುವಲ್ಲಿ 12.7 ಮಿ.ಮೀ. ದಪ್ಪದ ಪೈಪು ಹಾಕಿದ್ದರೆ ಒಳವ್ಯಾಸ 298.5ಕ್ಕೆ ಇಳಿದು ತೆರಪು 4.5 ಮಿ.ಮೀ. ಆಸುಪಾಸಿಗೆ ಕುಗ್ಗುತ್ತದೆ. ಹಾಗಾಗಿ ತಟ್ಟೆಯನ್ನು ಇಡೀ ಲೈನಿನ ಅತಿ ಕಡಿಮೆ ಒಳವ್ಯಾಸಕ್ಕೆ ಕತ್ತರಿಸಬೇಕು. ಇನ್ನೊಂದು ತೊಡಕನ್ನು ಹಲವರು ಗಮನಿಸುವುದಿಲ್ಲ. ಪಿಗ್ಗಿನ ಹಿಂದೆ ಮುಂದೆ, ಪೈಪಿನ ಗೋಡೆಗೆ ಒತ್ತಿಕೊಂಡು ಅದನ್ನು ನಡುವೆ ಹಿಡಿದಿಡುವ ಬಟ್ಟಲಾಕಾರದ ಮೆದು ಕಪ್‌ಗಳಿರುತ್ತವೆ. ಎರಡು ಕಪ್‌ಗಳ ನಡುವಿನ ಅಂತರ 300 ಮಿ.ಮೀ. ಇದ್ದು, 1,524 ಮಿ.ಮೀ. ತ್ರಿಜ್ಯದ ಬೆಂಡಿನಲ್ಲಿ ಪಿಗ್ ಸಾಗುವಾಗ, ಕಪ್‌ಗಳ ಸರಿಮಧ್ಯದಲ್ಲಿ ಬಿಗಿದ ತಟ್ಟೆ ಬೆಂಡಿನ ಒಳಬದಿಗೆ ಸುಮಾರು 7.4 ಮಿ.ಮೀ. ಸರಿಯುತ್ತದೆ, ಅಂತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ಇದ್ದ ತೆರಪೆಲ್ಲ ಅಲ್ಲಿಗೇ ಮುಗಿಯಿತು. ಬೆಂಡು ಸ್ವಲ್ಪ ಅಂಡಾಕಾರವಿದ್ದರೂ, ಕಪ್ ಸವೆದು ಪಿಗ್ ಕೆಳಕ್ಕೆ ಜೋತರೂ, ಯಾವ ತಗ್ಗೂ ಇಲ್ಲದ ಪೈಪಿನಲ್ಲೇ ತಟ್ಟೆಯ ಅಂಚು ಉಜ್ಜಿ ಹೊಳೆಯುತ್ತದೆ. ತಟ್ಟೆಯನ್ನು ಕಪ್ಪಿನ ಪಕ್ಕದಲ್ಲೇ ಬಿಗಿದರೆ ಈ ಸರಿತ ಬಹುಮಟ್ಟಿಗೆ ತಪ್ಪುತ್ತದೆ.

ಲೆಕ್ಕ ಸರಿಯಿದ್ದರೆ ಲೈನನ್ನು ಮತ್ತೆ ಶುಚಿಗೊಳಿಸಿ, ಹೊಸ ತಟ್ಟೆ ಹಾಕಿ ಓಡಿಸಬೇಕು. ಹಳೆಯದನ್ನು ಸುತ್ತಿಗೆಯಿಂದ ತಟ್ಟಿ ನೇರಮಾಡಿ ಬಳಸಿದರೆ ಸಾಕ್ಷ್ಯವೇ ನಾಶವಾಗುತ್ತದೆ. ಎರಡನೆಯ ಬಾರಿ ತಟ್ಟೆ ಸರಿಯಾಗಿ ಬಂದರೆ ಮೊದಲಿನ ಅಡ್ಡಿ ಬಹುಶಃ ಕಸವಾಗಿತ್ತು. ಅದೇ ಬಗೆಯ ಪೆಟ್ಟು ಮರುಕಳಿಸಿದರೆ ದೋಷ ಪೈಪಿನಲ್ಲೇ ಇದೆ. ನೀರಿನಿಂದ ಪಿಗ್ ತಳ್ಳುತ್ತಿದ್ದರೆ ಜಾಗದ ಅಂದಾಜು ಸುಲಭ. ಮೇಲೆ ಹೇಳಿದ ಪೈಪು ಮೀಟರಿಗೆ 73 ಲೀಟರ್ ಹಿಡಿಯುತ್ತದೆ. 146 ಘನ ಮೀಟರ್ ನೀರು ಹೋದಾಗ ಒತ್ತಡ ಏಕಾಏಕಿ ಏರಿದ್ದರೆ ಪಿಗ್ ಸುಮಾರು 2 ಕಿ.ಮೀ. ತಲುಪಿತ್ತು, ಕಪ್‌ಗಳ ಸಂದಿನಿಂದ ನೀರು ಮುಂದಕ್ಕೆ ಸೋರಿದ್ದರೆ ಅದಕ್ಕಿಂತ ತುಸು ಹಿಂದೆ. ಗಾಳಿ ಕುಗ್ಗುವುದರಿಂದ ಗಾಳಿಯಿಂದ ತಳ್ಳಿದಾಗ ಈ ಲೆಕ್ಕವನ್ನು ನೆಚ್ಚಲಾಗದು. ಖಚಿತ ಜಾಗ ಬೇಕಿದ್ದರೆ ದೂರ ಅಳೆಯುವ ಚಕ್ರವಿರುವ, ಒಳವ್ಯಾಸವನ್ನು ಅಳೆಯುತ್ತಾ ಸಾಗುವ ಕ್ಯಾಲಿಪರ್ ಪಿಗ್ಗನ್ನೇ ಓಡಿಸಬೇಕು.

ಅಗೆದಾಗ ಪೈಪಿನಡಿ ಬಂಡೆ ಒತ್ತಿಕೊಂಡಿರುವುದು ಕಂಡರೆ ಅದನ್ನು ತಕ್ಷಣ ಕಿತ್ತುಹಾಕಬಾರದು. ಬಂಡೆ ಸರಿದೊಡನೆ ತಗ್ಗು ಭಾಗಶಃ ಮೇಲೆದ್ದು ಆಳ ಕಡಿಮೆಯಾಗಿ ತೋರುತ್ತದೆ. ಆದ್ದರಿಂದ ಕ್ಯಾಲಿಪರ್ ಅಳೆದ ಆಳವನ್ನೂ ಬಂಡೆ ತೆಗೆದ ಮೇಲೆ ಸಿಕ್ಕ ಆಳವನ್ನೂ ದಾಖಲೆಯಲ್ಲಿ ಬೇರೆ ಬೇರೆಯಾಗಿ ಬರೆಯಬೇಕು.