ಗೋವಾದವರಿಗೆ ಪೋರ್ಚುಗಲ್ ಪಾಸ್‌ಪೋರ್ಟ್, ಬೆಳಗಾವಿಯವರಿಗೆ ಬ್ರಿಟನ್ ಯಾಕಿಲ್ಲ?

ಪ್ರಶ್ನೆ: "ನಮ್ಮ ಸೋದರತ್ತಿ ಮಕ್ಕಳು ಮಡಗಾಂವದಾಗ ಅದಾರ್ರೀ. ಪೋರ್ಚುಗಲ್ ಪಾಸ್‌ಪೋರ್ಟ್ ತಗೊಂಡು ಇಬ್ಬರು ಲಂಡನ್ ಸೇರಿ ಹತ್ತು ವರ್ಷ ಆತು. ನಮ್ಮನ್ನ ಬ್ರಿಟಿಷರು ನೂರಾ ಮೂವತ್ತು ವರ್ಷದ ಹತ್ತಿರ ಆಳ್ಯಾರ. ನಮಗ್ಯಾಕ ಅವರು ಕೊಡಂಗಿಲ್ಲ? ಕೊಳ್ಳೆ ಹೊಡದವರಿಗೆ ಜವಾಬ್ದಾರಿ ಅನ್ನೂದು ಇಲ್ಲೇನ್ರೀ?" (ಖಾನಾಪುರ ತಾಲೂಕಿನ ಓದುಗರು)

ಉತ್ತರ: ಚೋರ್ಲಾ ಘಾಟ್ ಹತ್ತಿ ಇಳಿಯುವ ನೆಂಟಸ್ತನ ಇರುವ ಮನೆಗಳಲ್ಲೆಲ್ಲ ಈ ಮಾತು ಬಂದೇ ಬರುತ್ತದೆ. ಪೋರ್ಚುಗಲ್ಲಿಗೆ ಪಶ್ಚಾತ್ತಾಪವಾಗಿ ಪಾಸ್‌ಪೋರ್ಟ್ ಹಂಚುತ್ತಿದೆ ಅಂತ ಮಾತ್ರ ತಿಳಿಯಬೇಡಿ. ಹಾಗೆಯೇ ಬ್ರಿಟನ್ನಿನ ಬಾಗಿಲೂ ಮೊದಲಿನಿಂದ ಮುಚ್ಚಿರಲಿಲ್ಲ.

1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಗೋವಾವನ್ನು ಕಿತ್ತುಕೊಂಡದ್ದು ಬಿಜಾಪುರದ ಆದಿಲಶಾಹಿಗಳಿಂದ. ಅಲ್ಲಿಂದ ನಾಲ್ಕೂವರೆ ಶತಮಾನ ಪೋರ್ಚುಗೀಸರು ಅಲುಗಲಿಲ್ಲ. ವಸಾಹತು ಅನ್ನುವ ಹೆಸರು ಜಗತ್ತಿನಲ್ಲಿ ಕೆಡತೊಡಗಿದಾಗ, 1951ರಲ್ಲಿ, ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಅದಕ್ಕೆ 'ಸಾಗರೋತ್ತರ ಪ್ರಾಂತ' ಎಂದು ಬೇರೆ ಹೆಸರಿಟ್ಟಿತು. ಅಂದರೆ ಕಾಗದದ ಮೇಲೆ ಗೋವಾ ಪೋರ್ಚುಗಲ್ಲಿನದೇ ಒಂದು ತುಂಡು, ಅಲ್ಲಿ ಹುಟ್ಟಿದವರು ಪೋರ್ಚುಗೀಸರು. 1961ರ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿ ಕಡೆಯಿಂದಲೇ ಸೇನೆ ಇಳಿದು, 19ರಂದು ಗೋವಾ ಬಿಡುಗಡೆಯಾಯಿತು. ಪೋರ್ಚುಗಲ್ಲಿನ ಸಲಾಜಾರ್ ಸರ್ಕಾರ ಒಪ್ಪಲಿಲ್ಲ. 1974ರಲ್ಲಿ ಅಲ್ಲಿ ಕ್ರಾಂತಿಯಾಗಿ, ಆ ವರ್ಷದ ಕೊನೆಯ ದಿನ ದಿಲ್ಲಿಯ ಜೊತೆ ಒಪ್ಪಂದವಾದ ಮೇಲೆ ನೆಲದ ಮಾತು ಮುಗಿಯಿತು. ಹುಟ್ಟಿದವರ ಮಾತು ಮುಗಿಯಲಿಲ್ಲ. 1961ರ ಡಿಸೆಂಬರ್ 19ಕ್ಕೆ ಮುಂಚೆ ಅಲ್ಲಿ ಹುಟ್ಟಿದವರನ್ನು ಪೋರ್ಚುಗಲ್ ತನ್ನವರೆಂದೇ ಲೆಕ್ಕ ಹಿಡಿಯಿತು. ಅವರ ಮಕ್ಕಳು, ಮೊಮ್ಮಕ್ಕಳು ಆ ಹಳೆಯ ಜನನ ದಾಖಲೆ ಹಿಡಿದು ಲಿಸ್ಬನ್ನಿನಲ್ಲಿ ನೋಂದಣಿ ಮಾಡಿಸುತ್ತಾರೆ. ಇನ್ನು ನಿಮ್ಮ ಅತ್ತೆಯ ಮಕ್ಕಳು ಲಂಡನ್ ಸೇರಿದ್ದು ಯುರೋಪಿಯನ್ ಒಕ್ಕೂಟದ ಬಾಗಿಲಿಂದ, ಆಗ ಎರಡೂ ದೇಶ ಅದರೊಳಗಿದ್ದವು. 2020ರ ಕೊನೆಗೆ ಬ್ರಿಟನ್ ಆ ಬಾಗಿಲನ್ನೂ ಹಾಕಿಕೊಂಡಿತು. ಅಷ್ಟರೊಳಗೆ ಅಲ್ಲಿನ ಸ್ವಿಂಡನ್ ಊರಿನಲ್ಲಿ ಒಂದು ಚಿಕ್ಕ ಗೋವಾವೇ ಆಗಿತ್ತು.

ಈಗ ನಮ್ಮ ಕಡೆ ಬರೋಣ. ಬೆಳಗಾವಿ ಕೋಟೆ 1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಮನ್ರೋ ಕೈಗೆ ಬಿತ್ತು. 1947ರಲ್ಲಿ ಅವರು ಹೋದರು. ಹೋದ ಮರುವರ್ಷವೇ ಬಂದ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆಯಡಿ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು, ಅಂದರೆ ನಿಮ್ಮ ಅಜ್ಜನೂ, ವೀಸಾ ಇಲ್ಲದೆ ಅಲ್ಲಿಗೆ ಹೋಗಿ ದುಡಿಯಬಹುದಿತ್ತು! ಯುದ್ಧದಲ್ಲಿ ಸೊರಗಿದ ದೇಶಕ್ಕೆ ಬಸ್ಸಿಗೆ, ಗಿರಣಿಗೆ, ಆಸ್ಪತ್ರೆಗೆ ಆಳು ಬೇಕಿತ್ತು. ಲಂಡನ್ ಸಾರಿಗೆ ಸಂಸ್ಥೆ 1956ರಲ್ಲಿ ಬಾರ್ಬಡೋಸ್‌ಗೇ ಹೋಗಿ ಜನರನ್ನು ಆರಿಸಿ ತಂದಿತು. ಹಾಗಾದರೆ ಅಜ್ಜ ಯಾಕೆ ಹೋಗಲಿಲ್ಲ? ಯಾರೂ ಹೇಳಿರಲಿಕ್ಕಿಲ್ಲ, ಹಡಗಿನ ಚಾರ್ಜೂ ಇರಲಿಕ್ಕಿಲ್ಲ. ಜೊತೆಗೆ ಬಡವರಿಗೆ ಪಾಸ್‌ಪೋರ್ಟ್ ಕೊಡಲು ನಮ್ಮ ಸರ್ಕಾರವೇ ಹಿಂದೆಮುಂದೆ ನೋಡುತ್ತಿತ್ತು. ಹೊರದೇಶಕ್ಕೆ ಹೋಗುವುದು ಪ್ರಜೆಯ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ.

ಆ ಹೊತ್ತಿಗೆ ಅಲ್ಲಿ ಚಿಲಕ ಬಿದ್ದಿತ್ತು. ಕಪ್ಪು, ಕಂದು ಬಣ್ಣದವರು ನಿಜವಾಗಿಯೂ ಬರತೊಡಗಿದ್ದೇ ತಡ, ಕಾಮನ್‌ವೆಲ್ತ್ ವಲಸಿಗರ ಕಾಯ್ದೆ ಬಂತು. ಜಾರಿಯಾದದ್ದು 1962ರ ಜುಲೈ 1ರಂದು, ಗೋವಾ ಬಿಡುಗಡೆಯಾಗಿ ಆರು ತಿಂಗಳಿಗೆ. 1968ರದ್ದಂತೂ ನನಗೆ ಇವತ್ತಿಗೂ ನುಂಗಲಾಗದ ಕಥೆ. ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಸಾವಿರಾರು ಜನರ ಕೈಯಲ್ಲಿ ಇದ್ದದ್ದು ಬ್ರಿಟನ್ನಿನದೇ ಪಾಸ್‌ಪೋರ್ಟ್. ಅಲ್ಲಿ ಬದುಕು ಕಷ್ಟವಾಗಿ ಅವರು ಹೊರಟಾಗ, ಬ್ರಿಟಿಷ್ ಸಂಸತ್ತು ಮೂರೇ ದಿನದಲ್ಲಿ ಕಾಯ್ದೆ ಮಾಡಿ ತಡೆಯಿತು. ಅಪ್ಪನೋ ಅಜ್ಜನೋ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಬನ್ನಿ, ಇಲ್ಲದಿದ್ದರೆ ಸಾಲಿನಲ್ಲಿ ನಿಲ್ಲಿ. ಈ ಅಜ್ಜನ ಲೆಕ್ಕ ಇವತ್ತಿಗೂ ಇದೆ: ಅಜ್ಜ ಅಥವಾ ಅಜ್ಜಿ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಕಾಮನ್‌ವೆಲ್ತ್ ಪ್ರಜೆಗೆ ಐದು ವರ್ಷದ ಪ್ರತ್ಯೇಕ ವೀಸಾ ಸಿಗುತ್ತದೆ. ಪೋರ್ಚುಗಲ್ ಕೇಳುವುದು ಅಜ್ಜ ನಾವು ಆಳಿದ ಊರಿನಲ್ಲಿ ಹುಟ್ಟಿದನೇ ಅಂತ. ಬ್ರಿಟನ್ ಕೇಳುವುದು ಅಜ್ಜ ನಮ್ಮೂರಿನಲ್ಲಿ ಹುಟ್ಟಿದನೇ ಅಂತ. ಮನಸ್ಸು ಮಾಡಿದರೆ ಬ್ರಿಟನ್ನಿಗೂ ಆಗದ್ದೇನಲ್ಲ, 2021ರಲ್ಲಿ ತಾನು ಹಿಂದೆ ಆಳಿದ್ದ ಹಾಂಗ್‌ಕಾಂಗ್‌ನವರಿಗೆ ಹೊಸ ದಾರಿಯನ್ನೇ ತೆರೆಯಿತು.

ಜವಾಬ್ದಾರಿಯ ಪ್ರಶ್ನೆ. ಹಿಂದೆ ಆಳಿದ ದೇಶ ಆಳಿಸಿಕೊಂಡವರನ್ನು ಒಳಗೆ ಬಿಟ್ಟುಕೊಳ್ಳಲೇಬೇಕು ಎನ್ನುವ ಅಂತರರಾಷ್ಟ್ರೀಯ ಕಾನೂನು ಇಲ್ಲ. ಋಣ ಮಾತ್ರ ಖಂಡಿತ ಇದೆ. 1876–78ರ ಬರ ಇವತ್ತಿನ ಬಾಗಲಕೋಟೆ, ವಿಜಯಪುರಗಳನ್ನು ಒಳಗೊಂಡ ಆಗಿನ ಕಲಾದಗಿ ಜಿಲ್ಲೆಯನ್ನು ಎಷ್ಟು ತಿಂದಿತೆಂದರೆ, 1881ರ ಜನಗಣತಿಯಲ್ಲಿ ತಲೆಗಳು 1872ಕ್ಕಿಂತ ಕಡಿಮೆಯಾಗಿದ್ದವು. ದೇಶದ ಬಂದರುಗಳಿಂದ ಧಾನ್ಯದ ಹಡಗು ಹೋಗುತ್ತಲೇ ಇದ್ದವು. ಇತ್ತ ಪರಿಹಾರ ಕಾಮಗಾರಿಯ ಕೂಲಿಯನ್ನು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆಗೆ ಇಳಿಸಿದ್ದ. ಧಾನ್ಯ ಅರ್ಧ ಕಿಲೋಗೂ ಕಡಿಮೆ, ಅದೂ ಕಲ್ಲು ಒಡೆಯುವವರಿಗೆ.

ಆದರೆ ಅಲ್ಲಿ ಸತ್ತವರ ಮರಿಮಕ್ಕಳ ಹತ್ತಿರ ಯಾವ ದಾಖಲೆ ಇದೆ? ಪಾಸ್‌ಪೋರ್ಟಿನಿಂದ ಋಣ ತೀರಿಸಿದರೆ ಅದು ಮುಟ್ಟುವುದು ರಿಜಿಸ್ಟರಿನಲ್ಲಿ ಹೆಸರಿದ್ದವರಿಗೆ. ಬಾದಾಮಿ, ಮುದ್ದೇಬಿಹಾಳ ಕಡೆಯಿಂದ ಗೋವಾದ ವಾಸ್ಕೋಗೆ ದುಡಿಯಲು ಹೋಗಿ 'ಘಾಟಿ' (ಘಟ್ಟದವರು) ಎಂದು ಹೀಯಾಳಿಸಿಕೊಳ್ಳುವವರಿಗೆ ಅದರಲ್ಲಿ ಪಾಲಿಲ್ಲ. ನನಗೆ ಕೇಳಿದರೆ, ಶ್ರೀಮಂತ ದೇಶಗಳ ಹತ್ತಿರ ಲೆಕ್ಕ ಕೇಳಬೇಕಾದ್ದು ಇವತ್ತಿನ ವ್ಯವಹಾರದಲ್ಲಿ. ಅಪ್ಪ ಹೊಲ ಒತ್ತೆ ಇಟ್ಟು ನರ್ಸಿಂಗ್ ಓದಿಸುತ್ತಾನೆ. ಕಲಿತ ಕೈ ಅವರ ವಾರ್ಡಿಗೆ ಪುಕ್ಕಟೆ ಸಿಗುತ್ತದೆ. ಕಲಿಸಿದ ದೇಶಕ್ಕೂ ಏನಾದರೂ ಸಲ್ಲಬೇಕು ಎಂಬ ಆಶಯದ ಸಂಹಿತೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಮಾಡಿದೆ. ಪಾಲಿಸುವುದು ಬಿಡುವುದು ಅವರವರ ಇಷ್ಟ. ಬ್ರಿಟನ್ನಿಗೆ ಓದಲು ಹೋಗುವ ಹುಡುಗ ಫೀಸಿನ ಮೇಲೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಬೇಕು. ತಮಾಷೆ ಅಂದರೆ, ಕಾಮನ್‌ವೆಲ್ತ್ ಪ್ರಜೆಯಾದ್ದರಿಂದ ಅವನು ಅಲ್ಲಿನ ಸಂಸತ್ ಚುನಾವಣೆಯಲ್ಲಿ ವೋಟು ಹಾಕಬಹುದು. ಪೋರ್ಚುಗಲ್ ಪಾಸ್‌ಪೋರ್ಟಿನವರಿಗೆ ಆ ಹಕ್ಕಿಲ್ಲ.

ಕೊನೆಗೆ ನಿಮ್ಮ ಮನೆಯದೇ ಮಾತು. ನಿಮ್ಮ ಅಜ್ಜಿ ಗೋವಾದ ಸತ್ತರಿಯಿಂದಲೋ ಸಾಂಗೆಯಿಂದಲೋ ಖಾನಾಪುರಕ್ಕೆ ಸೊಸೆಯಾಗಿ ಬಂದವರಾಗಿದ್ದರೆ ಟ್ರಂಕು ತೆಗೆದು ಅವರ ಜನನ ದಾಖಲೆ ಇದೆಯೇ ನೋಡಿ. ಆ ದಾಖಲೆಗೆ ನೀವೂ ವಾರಸುದಾರರಿರಬಹುದು. ನಿಯಮ ಬದಲಾಗುತ್ತಿರುತ್ತವೆ, ಏಜೆಂಟನಿಗೆ ದುಡ್ಡು ಕೊಡುವ ಮುಂಚೆ ಪಣಜಿಯ ಪೋರ್ಚುಗಲ್ ಕಾನ್ಸುಲೇಟಿನಲ್ಲಿ ಕೇಳಿ. ಪೋರ್ಚುಗಲ್ ಪ್ರಜೆಯಾದ ದಿನ ಭಾರತದ ಪೌರತ್ವ ಹೋಗುತ್ತದೆ, ವೋಟೂ ಹೋಗುತ್ತದೆ. ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಮಾಡಿಸಿ ಬಂದು ಇರಬಹುದು. ಅಪ್ಪನ ಹೊಲ ಪಾಲಿಗೆ ಬಂದರೆ ಬಂತು, ಪಕ್ಕದ ಹೊಲ ಮಾರಾಟಕ್ಕೆ ಬಂದರೆ ಕೊಳ್ಳಲಾಗುವುದಿಲ್ಲ.